ಕೋರ್‌ಬೂಟ್ ಮೇಲೆ ನಮ್ಮದೇ ಪೇಲೋಡ್: ಲಿಬ್‌ಪೇಲೋಡ್ ಬಳಸಿದವರು ದಯವಿಟ್ಟು ಹೇಳಿ

ಹಳೆಯಂತ್ರ

ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ರಚನೆಯ ಪಾಠ ಮಾಡುತ್ತೇನೆ. "ಆಪರೇಟಿಂಗ್ ಸಿಸ್ಟಂ ಇಲ್ಲದೆ ಪ್ರೋಗ್ರಾಂ ಓಡುವುದಾದರೂ ಹೇಗೆ ಸರ್?" ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಇಷ್ಟು ವರ್ಷ ಕಪ್ಪುಹಲಗೆಯ ಮೇಲೆ ಚೌಕಗಳನ್ನು ಬರೆದು ಉತ್ತರಿಸಿದೆ. ಈ ಸಲ ಕಣ್ಣೆದುರಿಗೇ ಓಡಿಸಿ ತೋರಿಸಬೇಕು ಎಂದು ಹಟ ಹಿಡಿದಿದ್ದೇನೆ.

ನನ್ನ ಬಳಿ ಹಳೆಯ ಥಿಂಕ್‌ಪ್ಯಾಡ್ ಎಕ್ಸ್230 ಇದೆ. ಅದಕ್ಕೆ ಕೋರ್‌ಬೂಟ್ (ಗುಂಡಿ ಒತ್ತಿದ ಕೂಡಲೇ ಓಡುವ ಮುಕ್ತ ಫರ್ಮ್‌ವೇರ್) ಹಾಕಿಯಾಗಿದೆ. ಅದು ತನ್ನ ಕೆಲಸ ಮುಗಿಸಿ ಓಡಿಸುವ ಪ್ರೋಗ್ರಾಮಿಗೆ ಪೇಲೋಡ್ ಎನ್ನುತ್ತಾರೆ. ಸದ್ಯದ ಪೇಲೋಡ್ ಸೀಬಯೋಸ್, ಅದರ ಮೂಲಕ ಲಿನಕ್ಸ್ ಚೆನ್ನಾಗಿ ಏಳುತ್ತದೆ. ಈಗ ಸೀಬಯೋಸ್ ಇರುವ ಜಾಗದಲ್ಲಿ ನಾನೇ ಬರೆದ ಚಿಕ್ಕ ಸಿ ಪ್ರೋಗ್ರಾಂ ಇಡಬೇಕು. ಪರದೆಯ ಮೇಲೆ "ನಮಸ್ಕಾರ" ಎಂದು ಕನ್ನಡದಲ್ಲಿ ಬರಬೇಕು, ಕೀಲಿ ಒತ್ತಿದರೆ ಮೆಮೊರಿಯ ನಕ್ಷೆ ಕಾಣಿಸಬೇಕು. ಅಷ್ಟೇ ಆಸೆ. ಪೇಲೋಡ್ ಬರೆಯುವವರಿಗೆಂದು ಕೋರ್‌ಬೂಟ್ ಮೂಲದಲ್ಲೇ ಲಿಬ್‌ಪೇಲೋಡ್ ಎಂಬ ಲೈಬ್ರರಿ ಇದೆ. ಅದರ ಮಾದರಿ ಪ್ರೋಗ್ರಾಂ ಕ್ಯೂಎಂಯು (ಕಂಪ್ಯೂಟರನ್ನು ಅನುಕರಿಸುವ ತಂತ್ರಾಂಶ) ಒಳಗೆ ಮೊದಲ ಪ್ರಯತ್ನಕ್ಕೇ ಓಡಿತು. ಲ್ಯಾಪ್‌ಟಾಪಿನಲ್ಲಿ ಮಾತ್ರ ಪರದೆ ಕಪ್ಪಗೆ ಕುಳಿತಿದೆ. ಯಾವ ಸೂಚನೆಯೂ ಇಲ್ಲ. ಎಲ್ಲಿಂದ ಹುಡುಕಲು ಶುರು ಮಾಡಲಿ?

ಬೆಸುಗೆಕಡ್ಡಿ

ಮೇಷ್ಟ್ರೇ, ಪಾಠಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಸಿಗುವುದಿಲ್ಲ. ಪರದೆಯ ವಿಷಯಕ್ಕೆ ಬರುವ ಮೊದಲು, ಕೋರ್‌ಬೂಟ್ ನಿಮ್ಮ ಪ್ರೋಗ್ರಾಮನ್ನು ಯಾವ ಸ್ಥಿತಿಯಲ್ಲಿ ಬಿಟ್ಟು ಹೋಗುತ್ತದೆ ಎಂಬುದನ್ನು ಹೇಳುತ್ತೇನೆ. ನಿಮ್ಮ ತೊಂದರೆಯ ಬೇರು ಅಲ್ಲೇ ಇದೆ.

ಬೂಟ್‌ಬ್ಲಾಕ್, ರೋಮ್‌ಸ್ಟೇಜ್, ರ್‍ಯಾಮ್‌ಸ್ಟೇಜ್ ಎಂಬ ಹಂತಗಳಲ್ಲಿ ಕೋರ್‌ಬೂಟ್ ತನ್ನ ಕೆಲಸ ಮುಗಿಸುತ್ತದೆ. ಮೆಮೊರಿಯನ್ನು ಎಬ್ಬಿಸುತ್ತದೆ, ಪಿಸಿಐ ಸಾಧನಗಳಿಗೆ ವಿಳಾಸ ಹಂಚುತ್ತದೆ, ಆಪರೇಟಿಂಗ್ ಸಿಸ್ಟಂಗೆ ಯಂತ್ರಾಂಶವನ್ನು ವಿವರಿಸುವ ಎಸಿಪಿಐ ಕೋಷ್ಟಕಗಳನ್ನು ಬರೆದಿಡುತ್ತದೆ. ಆಮೇಲೆ ಪೇಲೋಡನ್ನು ಫ್ಲ್ಯಾಶ್ ಚಿಪ್ಪಿನಿಂದ ಮೆಮೊರಿಗೆ ಇಳಿಸಿ, ಅದರ ಮೊದಲ ಆದೇಶಕ್ಕೆ ಜಿಗಿಯುತ್ತದೆ. ಎಕ್ಸ್86ನಲ್ಲಿ ಆ ಹೊತ್ತಿಗೆ ಪ್ರೊಸೆಸರ್ 32 ಬಿಟ್ ಪ್ರೊಟೆಕ್ಟೆಡ್ ಮೋಡ್‌ನಲ್ಲಿ, ಪೇಜಿಂಗ್ (ಮೆಮೊರಿ ವಿಳಾಸಗಳ ಅನುವಾದ) ಇಲ್ಲದೆ ಇರುತ್ತದೆ. ಅಲ್ಲಿಗೆ ಕೋರ್‌ಬೂಟ್‌ನ ಸಂಬಂಧ ಮುಗಿಯಿತು. "ಒಂದು ಅಕ್ಷರ ತೋರಿಸು", "ಒಂದು ಕೀಲಿ ಓದಿಕೊಡು" ಎಂದು ತಿರುಗಿ ಕೇಳಲು ಅಲ್ಲಿ ಯಾರೂ ಉಳಿದಿರುವುದಿಲ್ಲ. ಹಳೆಯ ಬಯೋಸ್‌ನಲ್ಲಿ ಇಂಟರಪ್ಟ್ ಸೇವೆಗಳಿದ್ದವು, ಬಯೋಸ್‌ನ ಜಾಗಕ್ಕೆ ಬಂದ ಯುಇಎಫ್‌ಐನಲ್ಲಿ ಬೂಟ್ ಸರ್ವಿಸಸ್ ಇವೆ. ಇಲ್ಲಿ ಅಂಥದ್ದಿಲ್ಲ. ಮನೆ ಕಟ್ಟಿ, ನೀರು ದೀಪ ಹಾಕಿಸಿ, ಕೀಲಿಕೈಯ ಜೊತೆ ಯಾವ ಕೋಣೆಯಲ್ಲಿ ಏನಿದೆ ಎಂಬ ಪಟ್ಟಿಯೊಂದನ್ನು ಮೇಜಿನ ಮೇಲೆ ಇಟ್ಟು ಹೊರಟುಹೋಗುವ ಮೇಸ್ತ್ರಿಯ ಹಾಗೆ ಅದು.

ಆ ಪಟ್ಟಿಯೇ ಕೋರ್‌ಬೂಟ್ ಟೇಬಲ್. ಎಕ್ಸ್86ನಲ್ಲಿ ಲಿಬ್‌ಪೇಲೋಡ್ ಎದ್ದ ಕೂಡಲೇ ಮೆಮೊರಿಯ ಆರಂಭದಲ್ಲೂ 960 ಕೆಬಿ ವಿಳಾಸದ ಬಳಿಯೂ "ಎಲ್‌ಬಿಐಒ" ಎಂಬ ನಾಲ್ಕು ಅಕ್ಷರಗಳ ಗುರುತನ್ನು ಹುಡುಕುತ್ತದೆ. ಯೋಜನೆಗೆ ಲಿನಕ್ಸ್‌ಬಯೋಸ್ ಎಂಬ ಹೆಸರಿದ್ದ ಕಾಲದ ಗುರುತು ಅದು. ಅಲ್ಲಿ ಸಿಗುವುದು ಸಾಮಾನ್ಯವಾಗಿ ಒಂದು ಕೈಮರ ಮಾತ್ರ. ನಿಜವಾದ ಪಟ್ಟಿ ಮೇಲಿನ ಮೆಮೊರಿಯಲ್ಲಿರುತ್ತದೆ. ಅದನ್ನು ಓದಿ ಸಿಸ್‌ಇನ್ಫೋ ಎಂಬ ಸ್ಟ್ರಕ್ಚರ್ ತುಂಬಿಸುತ್ತದೆ: ಮೆಮೊರಿಯ ಯಾವ ಭಾಗ ಬಳಸಬಹುದು, ಸೀರಿಯಲ್ ಪೋರ್ಟ್ ಎಲ್ಲಿದೆ, ಫ್ರೇಮ್‌ಬಫರ್ (ಪರದೆಯ ಪ್ರತಿ ಚುಕ್ಕೆಯ ಬಣ್ಣ ಇರುವ ಮೆಮೊರಿ) ಇದ್ದರೆ ಅದರ ವಿಳಾಸ ಏನು, ಒಂದು ಸಾಲಿಗೆ ಎಷ್ಟು ಬೈಟ್. ನಿಮ್ಮ ಮೆಮೊರಿ ನಕ್ಷೆಗೆ ಬೇಕಾದದ್ದೆಲ್ಲ ಅಲ್ಲೇ ಸಿದ್ಧವಾಗಿದೆ. ವಿದ್ಯಾರ್ಥಿಗಳು ಈ ಸ್ಟ್ರಕ್ಚರನ್ನು ಒಂದು ಗಂಟೆ ಕುಳಿತು ಓದಿದರೆ ಸಾಕು, ಯಂತ್ರ ಎದ್ದ ಕ್ಷಣದಲ್ಲಿ ಏನೇನು ತಿಳಿದಿರುತ್ತದೆ ಎಂಬ ಚಿತ್ರ ಮನಸ್ಸಿನಲ್ಲಿ ನಿಲ್ಲುತ್ತದೆ.

ಈಗ ಪರದೆ. ಕೋರ್‌ಬೂಟ್ ಸಂರಚನೆಯಲ್ಲಿ ಡಿಸ್‌ಪ್ಲೇಗೆ ಯಾವುದನ್ನು ಆರಿಸಿದ್ದೀರಿ, ಹಳೆಯ ವಿಜಿಎ ಟೆಕ್ಸ್ಟ್ ಮೋಡ್ ಅಥವಾ ಲೀನಿಯರ್ ಫ್ರೇಮ್‌ಬಫರ್?

ಹಳೆಯಂತ್ರ

ಲೀನಿಯರ್ ಫ್ರೇಮ್‌ಬಫರ್ ಆರಿಸಿದ್ದೇನೆ. ಲಿಬ್‌ಪೇಲೋಡ್‌ನಲ್ಲಿ ಏನನ್ನೂ ಮುಟ್ಟಿಲ್ಲ, ಅದು ಕೊಟ್ಟ ಸಂರಚನೆಯಲ್ಲೇ ಕಟ್ಟಿದ್ದೇನೆ.

ಬೆಸುಗೆಕಡ್ಡಿ

ಹಾಗಾದರೆ ಕಾರಣ ಸಿಕ್ಕಿತು. ನಿಮ್ಮ ಪ್ರೋಗ್ರಾಂ ಓಡುತ್ತಿದೆ, ಬರೆಯುತ್ತಲೂ ಇದೆ. ಆದರೆ ಅದು ಬರೆಯುತ್ತಿರುವುದು 736 ಕೆಬಿ ವಿಳಾಸದಲ್ಲಿರುವ ವಿಜಿಎ ಅಕ್ಷರ ಮೆಮೊರಿಗೆ. ಪರದೆ ತೋರಿಸುತ್ತಿರುವುದು ಬೇರೆಲ್ಲೋ ಇರುವ ಫ್ರೇಮ್‌ಬಫರನ್ನು. ಲಿಬ್‌ಪೇಲೋಡ್‌ನ ಸಂರಚನೆಯ ಮೆನುವಾದ ಮೆನುಕಾನ್ಫಿಗ್ ತೆರೆದು, ವಿಡಿಯೊ ಕನ್ಸೋಲ್ ವಿಭಾಗದಲ್ಲಿ "ಕೋರ್‌ಬೂಟ್ ವಿಡಿಯೊ ಕನ್ಸೋಲ್" ಡ್ರೈವರ್ ಸೇರಿಸಿ, ವಿಜಿಎಯದನ್ನು ತೆಗೆಯಿರಿ. ಲೈಬ್ರರಿಯನ್ನು ಮತ್ತೆ ಕಟ್ಟಿ ಇನ್‌ಸ್ಟಾಲ್ ಮಾಡಿ, ಆಮೇಲೆ ನಿಮ್ಮ ಪ್ರೋಗ್ರಾಮನ್ನೂ ಮತ್ತೆ ಕಟ್ಟಬೇಕು. ಎಲ್ಲವೂ ಸ್ಟ್ಯಾಟಿಕ್ ಲಿಂಕ್ ಆಗುವುದರಿಂದ ಹಳೆಯ ಪ್ರೋಗ್ರಾಮಿನೊಳಗೆ ಹಳೆಯ ಡ್ರೈವರೇ ಕುಳಿತಿರುತ್ತದೆ. ನಾನು ಮೊದಲ ಸಲ ಈ ಎರಡನೆಯ ಹೆಜ್ಜೆ ಮರೆತು ಒಂದು ಇಡೀ ಭಾನುವಾರ ಕಳೆದುಕೊಂಡಿದ್ದೆ.

ಕ್ಯೂಎಂಯು ಒಳಗೆ ನಿಮಗೆ ಕಂಡದ್ದು ಸೀರಿಯಲ್ ಪೋರ್ಟಿನ ಮೂಲಕ ಟರ್ಮಿನಲ್‌ಗೆ ಬಂದ ಅಕ್ಷರಗಳು ಆಗಿರಬಹುದು. ಎಕ್ಸ್230ಗೆ ಹೊರಗೆ ಸೀರಿಯಲ್ ಪೋರ್ಟ್ ಇಲ್ಲ. ಹಾಗಾಗಿ ಸಿಬಿಮೆಮ್ ಕನ್ಸೋಲನ್ನೂ ಸೇರಿಸಿಕೊಳ್ಳಿ. ಪ್ರೋಗ್ರಾಂ ಹೇಳಿದ್ದೆಲ್ಲ ಮೆಮೊರಿಯ ಒಂದು ಮೀಸಲು ಜಾಗದಲ್ಲಿ ದಾಖಲಾಗುತ್ತದೆ. ಪೇಲೋಡ್ ಮುಂದೆ ಲಿನಕ್ಸನ್ನು ಎಬ್ಬಿಸುವಂತಿದ್ದರೆ, ಅಲ್ಲಿಂದ ಸಿಬಿಮೆಮ್ ಆದೇಶ ಕೊಟ್ಟು ಓದಬಹುದು.

ದೀಪಸ್ತಂಭ

ಒಂದು ಮೂಲಭೂತ ಪ್ರಶ್ನೆ. ಸಿ ಲೈಬ್ರರಿಗಳು ಬೇಕಾದಷ್ಟಿವೆಯಲ್ಲ, ಇದಕ್ಕೆಂದೇ ಬೇರೊಂದು ಏಕೆ ಬೇಕಾಯಿತು? ಅಥವಾ ಯುಇಎಫ್‌ಐ ಅಪ್ಲಿಕೇಶನ್ ಆಗಿ ಬರೆದರೆ ಮೇಷ್ಟ್ರ ಕೆಲಸ ಹಗುರವಾಗುವುದಿಲ್ಲವೇ?

ರಾತ್ರಿಪಾಳಿ

ಲಿನಕ್ಸ್‌ನ ಮಾಮೂಲಿ ಸಿ ಲೈಬ್ರರಿಯಾದ ಗ್ಲಿಬ್‌ಸಿ ಕೆಳಗೆ ಕರ್ನಲ್ ಇರಲೇಬೇಕು. ಅದರ ಪ್ರಿಂಟ್‌ಎಫ್ ಕೊನೆಗೆ ಹೋಗಿ ನಿಲ್ಲುವುದು ಒಂದು ಸಿಸ್ಟಂ ಕಾಲ್‌ನಲ್ಲಿ. ಇಲ್ಲಿ ಆ ಕರೆಯನ್ನು ಎತ್ತಿಕೊಳ್ಳುವವರಿಲ್ಲ. ನ್ಯೂಲಿಬ್‌ನಂಥ ಚಿಕ್ಕ ಸಿ ಲೈಬ್ರರಿಯನ್ನು ತಂದರೆ ಅಕ್ಷರಗಳ ಕೆಲಸ, ಸ್ಟ್ರಿಂಗ್‌ಗಳ ಕೆಲಸ ಸಿಗುತ್ತದೆ, ಆದರೆ ಬೈಟುಗಳನ್ನು ಯಂತ್ರಾಂಶಕ್ಕೆ ತಲುಪಿಸುವ ಕೊನೆಯ ಮೆಟ್ಟಿಲನ್ನು ನೀವೇ ಕಟ್ಟಬೇಕು. ಲಿಬ್‌ಪೇಲೋಡ್ ಎರಡನ್ನೂ ಒಟ್ಟಿಗೆ ಕೊಡುತ್ತದೆ. ಸಿ ಲೈಬ್ರರಿಯ ಒಂದು ಚಿಕ್ಕ ಭಾಗ ಮೇಲೆ. ಕೆಳಗೆ ಸೀರಿಯಲ್, ಪಿಎಸ್/2 ಕೀಲಿಮಣೆ, ಯುಎಸ್‌ಬಿ, ಪಿಸಿಐ, ಎಎಚ್‌ಸಿಐ ಡಿಸ್ಕ್, ಎನ್‌ವಿರ್‍ಯಾಮ್‌ಗಳ ಡ್ರೈವರ್‌ಗಳು. ನಡುವೆ ಮೆನು ಬರೆಯುವವರಿಗೆ ಟೈನಿಕರ್ಸಸ್. ಎಲ್‌ಜೆಡ್‌ಎಂಎ ವಿಧಾನದಲ್ಲಿ ಸಂಕುಚಿಸಿದ್ದನ್ನು ಬಿಚ್ಚುವುದಕ್ಕೂ ಕೋಡ್ ಇದೆ.

ಇತಿಹಾಸವೂ ಕಾರಣ. ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 1999ರಲ್ಲಿ ರಾನ್ ಮಿನಿಚ್ ಅವರು ಲಿನಕ್ಸ್‌ಬಯೋಸ್ ಆರಂಭಿಸಿದಾಗ ಉದ್ದೇಶವೇ ಬೇರೆ ಇತ್ತು: ಕ್ಲಸ್ಟರ್ ಯಂತ್ರಗಳ ಫ್ಲ್ಯಾಶ್‌ನಲ್ಲಿ ಲಿನಕ್ಸ್ ಕರ್ನಲನ್ನೇ ಇಟ್ಟುಬಿಡುವುದು. ಡ್ರೈವರ್‌ಗಳೆಲ್ಲ ಕರ್ನಲ್ ಜೊತೆಗೇ ಬರುತ್ತಿದ್ದವು. ಕರ್ನಲ್ ಹಿಡಿಸದಷ್ಟು ಚಿಕ್ಕ ಚಿಪ್‌ಗಳಿಗೆ ಫಿಲೊ, ಈಥರ್‌ಬೂಟ್‌ನಂಥ ಪುಟ್ಟ ಪೇಲೋಡ್‌ಗಳು ಬಂದವು. ಪ್ರತಿಯೊಂದೂ ತನ್ನದೇ ಡ್ರೈವರ್ ಗಂಟನ್ನು ಹೊತ್ತು ತಿರುಗುತ್ತಿತ್ತು. ಯೋಜನೆಗೆ ಕೋರ್‌ಬೂಟ್ ಎಂಬ ಹೆಸರು ಬಂದದ್ದು 2008ರಲ್ಲಿ. ಲಿಬ್‌ಪೇಲೋಡ್ ಬಂದದ್ದೂ ಅದೇ ವರ್ಷ. ಹಳೆಯ ಕಡತಗಳ ನೆತ್ತಿಯ ಮೇಲೆ ಎಎಂಡಿಯ 2008ರ ಹಕ್ಕುಸ್ವಾಮ್ಯದ ಸಾಲು ಇಂದಿಗೂ ಕಾಣುತ್ತದೆ. ಫಿಲೊ ತನ್ನ ಗಂಟನ್ನು ಇಳಿಸಿ ಇದರ ಮೇಲೆ ಬಂದು ಕುಳಿತಿತು. ಇಂದು ಕ್ರೋಮ್‌ಬುಕ್‌ಗಳಲ್ಲಿರುವ ಡೆಪ್ತ್‌ಚಾರ್ಜ್ ಕೂಡ ಇದರ ಮೇಲೆಯೇ ನಿಂತಿದೆ.

ಯುಇಎಫ್‌ಐ ಅಪ್ಲಿಕೇಶನ್ ಬರೆಯುವುದು ತಪ್ಪಲ್ಲ. ಆದರೆ ಅಲ್ಲಿ ನಿಮ್ಮ ಪ್ರೋಗ್ರಾಮಿನ ಕೆಳಗೆ ಒಂದು ದೊಡ್ಡ ಪದರ ಜೀವಂತವಾಗಿ ಉಳಿದಿರುತ್ತದೆ, ಅದು ಹೇಗೆ ಕೆಲಸ ಮಾಡುತ್ತದೆಂದು ವಿದ್ಯಾರ್ಥಿಗೆ ಕಾಣುವುದಿಲ್ಲ. ಮೇಷ್ಟ್ರಿಗೆ ಬೇಕಾಗಿರುವುದು ಕೆಳಗೆ ಏನೂ ಇಲ್ಲದ ಸ್ಥಿತಿ. ಇಲ್ಲಿ ಪ್ರಿಂಟ್‌ಎಫ್‌ನಿಂದ ಹಿಡಿದು ಚಿಪ್ಪಿನ ರಿಜಿಸ್ಟರ್‌ವರೆಗೆ ಪ್ರತಿ ಸಾಲನ್ನೂ ಬೆರಳಿಟ್ಟು ಓದಬಹುದು.

ತುಂಗಾತೀರ

ಪರವಾನಗಿಯ ಮಾತು ಯಾರೂ ಎತ್ತಲಿಲ್ಲ. ಕೋರ್‌ಬೂಟ್ ಜಿಪಿಎಲ್ 2ರ ಅಡಿಯಲ್ಲಿದೆ (ಪ್ರೋಗ್ರಾಂ ಹಂಚಿದರೆ ಅದರ ಮೂಲವನ್ನೂ ಕೊಡಬೇಕು), ಲಿಬ್‌ಪೇಲೋಡ್ ಆ ಷರತ್ತಿಲ್ಲದ ಬಿಎಸ್‌ಡಿಯ ಅಡಿಯಲ್ಲಿ. ಒಂದೇ ಮೂಲವೃಕ್ಷದಲ್ಲಿ ಎರಡು ನೀತಿ ಏಕೆ? ಬಿಎಸ್‌ಡಿ ಕೊಟ್ಟರೆ ಯಾರು ಬೇಕಾದರೂ ಮುಚ್ಚಿದ ಪೇಲೋಡ್ ಮಾಡಿ ಮಾರಬಹುದು. ಫರ್ಮ್‌ವೇರ್ ತೆರೆದಿರಬೇಕು ಎಂದು ಇಷ್ಟೆಲ್ಲ ಹೋರಾಡಿ, ಕೊನೆಯ ಬಾಗಿಲಲ್ಲಿ ಬೀಗಕ್ಕೆ ಜಾಗ ಬಿಟ್ಟ ಹಾಗಾಯಿತು. ನನಗೆ ಇದು ಸರಿ ಕಾಣುವುದಿಲ್ಲ.

ಬೆಸುಗೆಕಡ್ಡಿ

ನಿಮ್ಮ ಕಾಳಜಿ ಅರ್ಥವಾಗುತ್ತದೆ ಸರ್. ಆದರೆ ಪೇಲೋಡ್ ಎಂಬುದು ಕೋರ್‌ಬೂಟ್‌ಗೆ ಲಿಂಕ್ ಆಗುವ ತುಂಡಲ್ಲ, ಅದಾದ ಮೇಲೆ ಓಡುವ ಪ್ರತ್ಯೇಕ ಪ್ರೋಗ್ರಾಂ. ಲಿಬ್‌ಪೇಲೋಡ್ ಮಾತ್ರ ಪೇಲೋಡ್ ಒಳಗೆ ಬೆರೆತುಹೋಗುತ್ತದೆ. ಅದು ಜಿಪಿಎಲ್ ಆಗಿದ್ದರೆ ಅದನ್ನು ಬಳಸಿದ ಪ್ರತಿ ಪೇಲೋಡೂ ಜಿಪಿಎಲ್‌ಗೆ ಹೊಂದಬೇಕಾಗುತ್ತಿತ್ತು. ಮುಚ್ಚಿದ ಪ್ರೋಗ್ರಾಮಿಗಷ್ಟೇ ಅಲ್ಲ, ಬೇರೆ ಮುಕ್ತ ಪರವಾನಗಿಗಳಲ್ಲಿ ಇರುವ ಕೆಲವು ಪ್ರೋಗ್ರಾಂಗಳಿಗೂ ಅದು ಅಡ್ಡಿಯೇ. ಬಿಎಸ್‌ಡಿ ಇಟ್ಟಿದ್ದರಿಂದ ಆಯ್ಕೆ ಪೇಲೋಡ್ ಬರೆಯುವವರಿಗೆ ಬಿಟ್ಟದ್ದಾಯಿತು. ಡೆಪ್ತ್‌ಚಾರ್ಜ್ ಬರೆದವರು ಜಿಪಿಎಲ್ಲನ್ನೇ ಆರಿಸಿಕೊಂಡರು, ನೋಡಿ.

ಇನ್ನೊಂದು ವಿಷಯ: ಈ ಲೈಬ್ರರಿಯ ಹಲವು ತುಣುಕುಗಳು ಓಪನ್‌ಬಿಎಸ್‌ಡಿಯಂಥ ಕಡೆಗಳಿಂದ ಬಂದವು, ಪ್ರಿಂಟ್‌ಎಫ್ ಹೆಲೆನ್‌ಒಎಸ್ ಎಂಬ ಆಪರೇಟಿಂಗ್ ಸಿಸ್ಟಂನಿಂದ ಬಂದದ್ದು. ಉದಾರವಾಗಿ ಕೊಟ್ಟವರಿಂದ ಪಡೆದದ್ದನ್ನು ಅಷ್ಟೇ ಉದಾರವಾಗಿ ಮುಂದಕ್ಕೆ ದಾಟಿಸಿದ್ದಾರೆ ಎಂದು ನಾನು ಭಾವಿಸುತ್ತೇನೆ.

ತುಂಗಾತೀರ

ಪ್ರತ್ಯೇಕ ಪ್ರೋಗ್ರಾಂ ಎಂಬ ಮಾತು ಒಪ್ಪುತ್ತೇನೆ. ಆದರೂ ನನ್ನ ಯಂತ್ರದಲ್ಲಿ ಕೊನೆಗೆ ನನ್ನೊಡನೆ ಮಾತನಾಡುವುದು ಪೇಲೋಡೇ ತಾನೆ? ಅದರ ಮೂಲ ಕೇಳುವ ಹಕ್ಕು ನನಗಿರಬೇಕು ಎಂಬುದರಿಂದ ನಾನು ಹಿಂದೆ ಸರಿಯುವುದಿಲ್ಲ. ಮೇಷ್ಟ್ರೇ, ನೀವು ಬರೆಯುವುದನ್ನಾದರೂ ಜಿಪಿಎಲ್‌ನಲ್ಲಿ ಬಿಡುಗಡೆ ಮಾಡಿ ಎಂದು ಕೇಳಿಕೊಳ್ಳುತ್ತೇನೆ.

ಹಳೆಯಂತ್ರ

ಖಂಡಿತ ಮಾಡುತ್ತೇನೆ. ಮೊದಲು ಸಂತೋಷದ ಸುದ್ದಿ: ಪರದೆ ಬೆಳಗಿತು! ಬೆಸುಗೆಕಡ್ಡಿಯವರು ಹೇಳಿದ್ದೇ ಕಾರಣ. ಇಂಗ್ಲಿಷ್ ಅಕ್ಷರಗಳು ಸ್ಪಷ್ಟವಾಗಿ ಬಂದವು, ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಈಗ ಎರಡು ಹೊಸ ತೊಡಕು. "ನಮಸ್ಕಾರ" ಎಂದು ಬರೆದರೆ ಪರದೆಯ ಮೇಲೆ ಇಪ್ಪತ್ತಕ್ಕೂ ಹೆಚ್ಚು ವಿಚಿತ್ರ ಚಿಹ್ನೆಗಳು ಬರುತ್ತವೆ. ಇನ್ನೊಂದು, ಪರದೆಯಷ್ಟೇ ದೊಡ್ಡ ಚಿತ್ರವನ್ನು ಮೊದಲು ಮೆಮೊರಿಯಲ್ಲಿ ಸಿದ್ಧಪಡಿಸೋಣವೆಂದು ಮ್ಯಾಲಕ್ ಫಂಕ್ಷನ್ ಕರೆದು ಜಾಗ ಕೇಳಿದರೆ ಶೂನ್ಯ ಹಿಂದಿರುಗುತ್ತದೆ. ಯಂತ್ರದಲ್ಲಿ 8 ಜಿಬಿ ಮೆಮೊರಿ ಇದೆಯಲ್ಲ?

ರಾತ್ರಿಪಾಳಿ

ಎರಡನೆಯದಕ್ಕೆ ನಾನು ಹೇಳುತ್ತೇನೆ. ಯಂತ್ರದ ಮೆಮೊರಿ ಎಷ್ಟಿದೆ ಎಂಬುದಕ್ಕೂ ಇಲ್ಲಿನ ಮ್ಯಾಲಕ್‌ಗೂ ಸಂಬಂಧವಿಲ್ಲ. ಲಿಂಕರ್ ಸ್ಕ್ರಿಪ್ಟ್ ಪ್ರೋಗ್ರಾಮಿನ ಬೆನ್ನಿಗೆ ಒಂದು ನಿಶ್ಚಿತ ಜಾಗ ಮೀಸಲಿಡುತ್ತದೆ, ಮ್ಯಾಲಕ್ ಹಂಚುವುದು ಅದರೊಳಗಿನಿಂದ ಮಾತ್ರ. ನೀವಾಗಿ ಬದಲಿಸದಿದ್ದರೆ ಹೀಪ್ 131072 ಬೈಟ್, ಸ್ಟ್ಯಾಕ್ 16384 ಬೈಟ್. ನಿಮ್ಮ ಪರದೆ 1366 ಗುಣಿಸು 768 ಆಗಿದ್ದರೆ, ಚುಕ್ಕೆಗೆ 4 ಬೈಟ್‌ನಂತೆ 41,96,352 ಬೈಟ್ ಬೇಕು. ಹಿಡಿಸುವುದಾದರೂ ಹೇಗೆ? ಮೆನುಕಾನ್ಫಿಗ್‌ನಲ್ಲಿ ಹೀಪ್ ಗಾತ್ರವನ್ನು 8 ಎಂಬಿಗೆ ಏರಿಸಿ.

ಸ್ಟ್ಯಾಕ್ ಬಗ್ಗೆ ವಿದ್ಯಾರ್ಥಿಗಳಿಗೆ ಮುಂಚೆಯೇ ಎಚ್ಚರಿಕೆ ಕೊಡಿ. ಫಂಕ್ಷನ್ ಒಳಗೆ ದೊಡ್ಡ ಅರೇ ಘೋಷಿಸುವ ಅಭ್ಯಾಸ ಲಿನಕ್ಸ್‌ನಲ್ಲಿ ದಕ್ಕುತ್ತದೆ. ಇಲ್ಲಿ 16 ಕೆಬಿ ದಾಟಿದರೆ ತಡೆದು ನಿಲ್ಲಿಸುವ ಕರ್ನಲ್ ಇಲ್ಲ, ಪಕ್ಕದಲ್ಲಿ ಇರುವುದನ್ನು ಸದ್ದಿಲ್ಲದೆ ತುಳಿದು ಮುಂದೆ ಹೋಗುತ್ತದೆ. ಪ್ರಿಂಟ್‌ಎಫ್‌ನಲ್ಲಿ ದಶಮಾಂಶ ಸಂಖ್ಯೆ ಮುದ್ರಿಸುವ ಸೌಲಭ್ಯವೂ ಇಲ್ಲ. ಮೆಮೊರಿಯನ್ನು ಜಿಬಿಯಲ್ಲಿ ತೋರಿಸುವಾಗ ಪೂರ್ಣಾಂಕ ಭಾಗಾಕಾರ ಬಳಸಿ.

ಅಕ್ಷರಜೋಡಣೆ

ಕನ್ನಡದ ಪ್ರಶ್ನೆ ನನ್ನ ಮನಸ್ಸಿಗೆ ಹತ್ತಿರವಾದದ್ದು, ಅದಕ್ಕೇ ಖಾತೆ ತೆರೆದು ಬರೆಯುತ್ತಿದ್ದೇನೆ.

"ನಮಸ್ಕಾರ" ಎಂಬುದರಲ್ಲಿ ಯುನಿಕೋಡ್ ಲೆಕ್ಕದಲ್ಲಿ ಏಳು ಸಂಕೇತಗಳಿವೆ: ನ, ಮ, ಸ, ವಿರಾಮ ಚಿಹ್ನೆ, ಕ, ಆ ಸ್ವರಚಿಹ್ನೆ, ರ. ಯುಟಿಎಫ್-8ರಲ್ಲಿ ಪ್ರತಿಯೊಂದೂ ಮೂರು ಬೈಟ್. ಒಟ್ಟು ಇಪ್ಪತ್ತೊಂದು. ಈ ಕನ್ಸೋಲ್‌ಗೆ ಗೊತ್ತಿರುವುದು ಒಂದು ಬೈಟ್, ಒಂದು ಚಿಹ್ನೆ, ಒಂದು ಚೌಕ ಎಂಬ ಲೆಕ್ಕ ಮಾತ್ರ. ಆದ್ದರಿಂದ ನಿಮಗೆ ಇಪ್ಪತ್ತೊಂದು ಚಿಹ್ನೆಗಳು ಕಂಡವು, ಎಣಿಸಿ ನೋಡಿ.

ಒಳಗಿರುವ ಫಾಂಟನ್ನು ಬದಲಿಸಿ ಕನ್ನಡ ಅಕ್ಷರ ಕೂರಿಸಿದರೆ ಸಾಕೇ ಎಂದರೆ, ಸಾಲದು. ನ ಮತ್ತು ಮ ಬಂದಾವು. ಸಕಾರದ ಕೆಳಗೆ ಕಕಾರದ ಒತ್ತು ಕೂರಬೇಕು, ಆ ಸ್ವರಚಿಹ್ನೆ ಹೋಗಿ ಸಕಾರದ ತಲೆಕಟ್ಟಿಗೆ ಸೇರಬೇಕು. ಬರೆಯುವ ಕ್ರಮ ಒಂದು, ಕಾಣುವ ಕ್ರಮ ಇನ್ನೊಂದು. ಆ ಕೆಲಸ ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಹಾರ್ಫ್‌ಬಜ್ ಮಾಡುತ್ತದೆ. ಅದನ್ನು ಫರ್ಮ್‌ವೇರ್ ಒಳಗೆ ತುರುಕುವ ಅಗತ್ಯವಿಲ್ಲ. ನಿಮಗೆ ಬೇಕಾದ ಪದಗಳು ಮೊದಲೇ ಗೊತ್ತಿವೆಯಲ್ಲ? ಅವನ್ನು ನಿಮ್ಮ ಮಾಮೂಲಿ ಕಂಪ್ಯೂಟರಿನಲ್ಲಿ ಒಳ್ಳೆಯ ಕನ್ನಡ ಫಾಂಟ್ ಹಾಕಿ ಚಿತ್ರಗಳಾಗಿ ಉಳಿಸಿ. ವರ್ಣಫಲಕವಿರುವ, ಸಂಕುಚಿಸದ ಬಿಎಂಪಿ ಆಗಿರಲಿ. ಕೋರ್‌ಬೂಟ್‌ನ ಸಿಬಿಎಫ್‌ಎಸ್‌ಟೂಲ್ ಬಳಸಿ, ಚಿಪ್ಪಿಗೆ ಬರೆಯುವ ರೋಮ್ ಕಡತದೊಳಗೆ ಸೇರಿಸಿ. ಲಿಬ್‌ಪೇಲೋಡ್‌ನಲ್ಲಿ ಸಿಬಿಜಿಎಫ್‌ಎಕ್ಸ್ ಎಂಬ ಚಿಕ್ಕ ಚಿತ್ರಣ ವಿಭಾಗವಿದೆ. ಅದು ಬಿಎಂಪಿಯನ್ನು ಓದಿ, ಪರದೆಯ ಅನುಪಾತಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿ ಕೂರಿಸುತ್ತದೆ. ಚುಕ್ಕೆಗಳ ಲೆಕ್ಕದಲ್ಲಿ ಜಾಗ ಹೇಳಬೇಕಾಗಿಲ್ಲ, ಪರದೆಯ ಇಷ್ಟು ಭಾಗ ಎಂದರೆ ಸಾಕು.

ಅಂಕಿಗಳು ಮಾತ್ರ ಓಡುವಾಗಲೇ ತಿಳಿಯುವಂಥವು. ಆದರೆ ಕನ್ನಡ ಅಂಕಿಗಳಿಗೆ ಒತ್ತಕ್ಷರದ ರಗಳೆ ಇಲ್ಲ. ೦ರಿಂದ ೯ರವರೆಗೆ ಹತ್ತು ಚಿತ್ರ ಇಟ್ಟುಕೊಂಡರೆ ಯಾವ ಸಂಖ್ಯೆಯನ್ನಾದರೂ ಜೋಡಿಸಬಹುದು. ಯಂತ್ರದ ಮೊದಲ ಮಾತು ಕನ್ನಡದಲ್ಲಿ ಬರುವುದನ್ನು ಮಕ್ಕಳು ನೋಡಬೇಕು. ದಯವಿಟ್ಟು ಇದನ್ನು ಕೈಬಿಡಬೇಡಿ.

ದೀಪಸ್ತಂಭ

ಇಷ್ಟೆಲ್ಲ ಚಿಪ್ಪಿನಲ್ಲಿ ಹಿಡಿಸುತ್ತದೆಯೇ?

ಬೆಸುಗೆಕಡ್ಡಿ

ಧಾರಾಳವಾಗಿ. ಎಕ್ಸ್230ನಲ್ಲಿ 8 ಎಂಬಿ ಮತ್ತು 4 ಎಂಬಿಯ ಎರಡು ಚಿಪ್‌ಗಳಿವೆ. ಬಿಎಂಪಿಗಳನ್ನು ಎಲ್‌ಜೆಡ್‌ಎಂಎ ಮಾಡಿ ಸೇರಿಸಿದರೆ, ಬಹುಪಾಲು ಒಂದೇ ಬಣ್ಣ ಇರುವುದರಿಂದ ತೀರಾ ಚಿಕ್ಕದಾಗುತ್ತವೆ.

ಚಿಪ್ ಎಂದಾಗ ಒಂದು ಎಚ್ಚರಿಕೆ. ಪ್ರತಿ ಬದಲಾವಣೆಯನ್ನೂ ಮೊದಲು ಕ್ಯೂಎಂಯುನಲ್ಲಿ ಓಡಿಸಿ. ಮೂಲ ರೋಮ್ ಅನ್ನು ಎರಡು ಸಲ ಓದಿ, ಎರಡೂ ಪ್ರತಿಗಳು ಒಂದೇ ಎಂದು ಖಚಿತಪಡಿಸಿಕೊಂಡು, ಬೇರೆ ಜಾಗದಲ್ಲಿ ಕಾಪಿಡಿ. ಪೇಲೋಡ್ ಕೆಟ್ಟರೆ ಲಿನಕ್ಸ್ ಏಳುವುದಿಲ್ಲ, ಆಗ ಕ್ಲಿಪ್ ಹಾಕಿ ಹೊರಗಿನಿಂದಲೇ ಬರೆಯಬೇಕು. ಅಗ್ಗದ ಸಿಎಚ್341ಎ ಪ್ರೋಗ್ರಾಮರ್‌ಗಳಲ್ಲಿ ಹಲವು, ಚಿಪ್‌ಗೆ 3.3 ವೋಲ್ಟ್ ಕೊಟ್ಟರೂ ಡೇಟಾ ತಂತಿಗಳಲ್ಲಿ 5 ವೋಲ್ಟ್ ಹರಿಸುತ್ತವೆ. ಮೀಟರ್ ಹಿಡಿದು ಅಳೆಯದೆ ಚಿಪ್ಪಿಗೆ ಹಾಕಬೇಡಿ.

ಹಳೆಯಂತ್ರ

ಆರು ದಿನ ಬೇಕಾಯಿತು, ಆದರೆ ಬಂದಿದೆ. ಗುಂಡಿ ಒತ್ತಿದರೆ ಕಪ್ಪು ಪರದೆಯ ನಡುವೆ "ನಮಸ್ಕಾರ", ಒತ್ತಕ್ಷರ ಸಮೇತ. ಲ್ಯಾಪ್‌ಟಾಪಿನ ಸ್ವಂತ ಕೀಲಿಮಣೆಯಲ್ಲಿ "ಎಂ" ಒತ್ತಿದರೆ ಮೆಮೊರಿಯ ಭಾಗಗಳು ಕನ್ನಡ ಅಂಕಿಗಳಲ್ಲಿ ಬರುತ್ತವೆ. ಚಿಹ್ನೆಗಳು ಇಪ್ಪತ್ತೊಂದೇ ಇದ್ದವು ಎಂಬುದನ್ನೂ ಎಣಿಸಿ ನೋಡಿದೆ.

ಉಳಿದದ್ದು ಒಂದೇ. ಹಿಂದಿನ ಬೆಂಚಿನವರಿಗೂ ಒತ್ತಲು ಸಿಗಲೆಂದು ಉದ್ದ ತಂತಿಯ ಯುಎಸ್‌ಬಿ ಕೀಲಿಮಣೆ ಜೋಡಿಸಿದೆ. ಅದು ಸ್ಪಂದಿಸುತ್ತಿಲ್ಲ. ಒಳಗಿನ ಕೀಲಿಮಣೆ ಕೆಲಸ ಮಾಡುವಾಗ ಇದೇಕೆ ಮಾಡುವುದಿಲ್ಲ?

ರಾತ್ರಿಪಾಳಿ

ಒಳಗಿನದು ಪಿಎಸ್/2 ಮಾದರಿಯದು, ಅದರ ದಾರಿ ಸರಳ. ಯುಎಸ್‌ಬಿಗೆ ನೀವೇ ಎರಡು ಕೆಲಸ ಮಾಡಬೇಕು. ಮೇನ್‌ನ ಆರಂಭದಲ್ಲಿ ಯುಎಸ್‌ಬಿ ಇನಿಷಿಯಲೈಸ್ ಕರೆಯಿರಿ. ಲೈಬ್ರರಿ ತಾನಾಗಿ ಕರೆಯುವುದಿಲ್ಲ, ಯುಎಸ್‌ಬಿ ಬೇಡದ ಪೇಲೋಡ್‌ಗೆ ಆ ಸಮಯ ದಂಡವಾಗಬಾರದಲ್ಲ. ಆಮೇಲೆ, ಕೀಲಿಗಾಗಿ ಕಾಯುವ ಲೂಪಿನೊಳಗೆ ಪ್ರತಿ ಸುತ್ತಿನಲ್ಲೂ ಯುಎಸ್‌ಬಿ ಪೋಲ್ ಕರೆಯಿರಿ. ಇಲ್ಲಿ ಯುಎಸ್‌ಬಿ ಇಂಟರಪ್ಟ್ ಮೇಲೆ ನಡೆಯುವುದಿಲ್ಲ, ಕೀಲಿಮಣೆಯ ಬಾಗಿಲಿಗೆ ನೀವೇ ಹೋಗಿ "ಏನಾದರೂ ಬಂತೇ?" ಎಂದು ಕೇಳುತ್ತಿರಬೇಕು. ಟೈನಿಕರ್ಸಸ್ ಬಳಸಿದವರಿಗೆ ಅದೇ ಒಳಗಿನಿಂದ ಕೇಳಿಕೊಳ್ಳುತ್ತದೆ, ನೀವು ನೇರವಾಗಿ ಚಿತ್ರ ಬರೆಯುತ್ತಿರುವುದರಿಂದ ಆ ಹೊಣೆ ನಿಮ್ಮದು.

ಮುಂದೆ ಎಂದಾದರೂ ಈ ಪೇಲೋಡ್‌ನಿಂದ ಲಿನಕ್ಸ್ ಕರ್ನಲ್‌ಗೆ ಜಿಗಿಯುವ ಆಲೋಚನೆ ಇದ್ದರೆ, ಜಿಗಿಯುವ ಮೊದಲು ಯುಎಸ್‌ಬಿ ಎಕ್ಸಿಟ್ ಕರೆಯುವುದನ್ನು ಮರೆಯಬೇಡಿ. ಯುಎಸ್‌ಬಿ ನಿಯಂತ್ರಕ ಪ್ರೊಸೆಸರನ್ನು ಕೇಳದೆ ತಾನೇ ಮೆಮೊರಿಗೆ ಬರೆಯುತ್ತದೆ. ಅದನ್ನು ನಿಲ್ಲಿಸದೆ ಹೋದರೆ, ನಿಮ್ಮ ಪ್ರೋಗ್ರಾಂ ಇದ್ದ ಜಾಗದಲ್ಲಿ ಕರ್ನಲ್ ಬಂದು ಕುಳಿತ ಮೇಲೂ ಹಳೆಯ ವಿಳಾಸಕ್ಕೆ ಬರೆಯುತ್ತಲೇ ಇರುತ್ತದೆ. ಆ ತಪ್ಪು ಪ್ರತಿ ಸಲ ಒಂದೊಂದು ಜಾಗದಲ್ಲಿ ತಲೆ ಎತ್ತುತ್ತದೆ, ಹುಡುಕುವುದು ಬಹಳ ಕಷ್ಟ.

ಹಳೆಯಂತ್ರ

ಪೋಲ್ ಸೇರಿಸಿದೆ, ಯುಎಸ್‌ಬಿ ಕೀಲಿಮಣೆ ಎದ್ದಿತು. ಸೋಮವಾರ ಎರಡನೆಯ ಅವಧಿಗೆ ಪ್ರಯೋಗಾಲಯ ಕೇಳಿಕೊಂಡಿದ್ದೇನೆ. ತುಂಗಾತೀರ ಅವರೇ, ಮೂಲ ಕಡತಗಳಿಗೆ ಜಿಪಿಎಲ್ 2ರ ತಲೆಬರಹ ಹಾಕಿಯಾಯಿತು. ಅಕ್ಷರಜೋಡಣೆಯವರೇ, "ಮೆಮೊರಿ ನಕ್ಷೆ" ಎಂಬುದರ ಚಿತ್ರದಲ್ಲಿ ಷಕಾರದ ಒತ್ತು ಕೆಳಗಿನ ಅಂಚಿನಲ್ಲಿ ಸ್ವಲ್ಪ ಕತ್ತರಿಸಿಹೋಗಿದೆ. ಚಿತ್ರದ ಎತ್ತರಕ್ಕೆ ಎಷ್ಟು ಚುಕ್ಕೆ ಸೇರಿಸಲಿ?

ಅಕ್ಷರಜೋಡಣೆ

ಚುಕ್ಕೆ ಎಣಿಸುವ ಬದಲು, ಫಾಂಟ್ ಗಾತ್ರದ ಅರ್ಧದಷ್ಟು ಜಾಗವನ್ನು ಕೆಳಗೆ ಬಿಡಿ. ಒತ್ತಿನ ಕೆಳಗೆ ಇನ್ನೊಂದು ಒತ್ತು ಬರುವ "ರಾಷ್ಟ್ರ" ಎಂಬ ಪದವನ್ನು ಮೊದಲು ಪರೀಕ್ಷಿಸಿ. ಅದು ಪೂರ್ತಿ ಕಂಡರೆ "ನಕ್ಷೆ"ಯೂ ಕಾಣುತ್ತದೆ.